ಭರಣಿ–ಕೃತ್ತಿಕೆ ಮಳೆಯ ಗುಡುಗು, ಗಾಳಿ, ಸಿಡಿಲು: ತೋಟದ ಕೆಲಸ ಯಾವಾಗ ನಿಲ್ಲಿಸಬೇಕು, ಮನೆ–ಕೊಟ್ಟಿಗೆಗೆ ಏನು ಮಾಡಬೇಕು?

ಕುಶಾವತಿ_ತೋಟ — ತೀರ್ಥಹಳ್ಳಿ

ಭರಣಿ ಮಳೆ ಹತ್ತಿರ ಬಂತು. ಮಧ್ಯಾಹ್ನ ಎರಡೂವರೆವರೆಗೆ ಉರಿ ಬಿಸಿಲು, ಮೂರೂವರೆಗೆ ಕತ್ತಲೆ, ನಾಲ್ಕಕ್ಕೆ ಗಾಳಿ. ಹವಾಮಾನ ಇಲಾಖೆಯಿಂದ ಇಡೀ ಶಿವಮೊಗ್ಗ ಜಿಲ್ಲೆಗೆ ಬರೋದು ಒಂದೇ ಸಾಲು: “ಗುಡುಗು ಸಹಿತ ಮಳೆ, ಗಂಟೆಗೆ 40–50 ಕಿ.ಮೀ. ವೇಗದ ಗಾಳಿ”. ಅಷ್ಟನ್ನೇ ಇಟ್ಟುಕೊಂಡು ತೋಟದಲ್ಲಿ ಆಳುಗಳಿಗೆ ಏನಂತ ಹೇಳೋದು? ಗೊತ್ತಿದ್ದವರು ಸ್ವಲ್ಪ ಬಿಡಿಸಿ ಹೇಳಿ.

ಕೆಲಸ ಯಾವ ಹೊತ್ತಿಗೆ ನಿಲ್ಲಿಸಬೇಕು? ಮೋಡ ಕಂಡಾಗಲೋ, ಗುಡುಗು ಕೇಳಿದಾಗಲೋ, ಹನಿ ಬಿದ್ದಾಗಲೋ? ಕೊಟ್ಟಿಗೆಗೆ ಹೊಸ ಶೀಟ್ ಹಾಕಿಸೋದಿದೆ, ಗಾಳಿಗೆ ಏಳದ ಹಾಗೆ ಏನೇನು ನೋಡ್ಕೋಬೇಕು? ಆಮೇಲೆ, ಒಂದು ಅರೆಸ್ಟರ್ (ಸಿಡಿಲನ್ನ ನೆಲಕ್ಕೆ ಇಳಿಸೋ ಕಡ್ಡಿ) ಹಾಕಿದರೆ ಸುತ್ತ 100 ಮೀಟರ್‌ಗೆ ಸಿಡಿಲಿನ ಭಯ ಇಲ್ಲ ಅಂತ ಮಾರ್ತಾ ಇದ್ದಾರಲ್ಲ, ಅದು ನಿಜವಾ?

ಹಿನ್ನೀರು — ಹೊಸನಗರ

ಗುಡುಗು ಕಿವಿಗೆ ಬಿತ್ತು ಅಂದ್ರೆ ಕೆಲಸ ಬಂದ್. ಹನಿ ಬೀಳೋವರೆಗೆ ಕಾಯೋದೇ ಎಲ್ಲ ಅನಾಹುತಕ್ಕೆ ಮೂಲ.

ಮೋಡನೋಟ — ಸಾಗರ

ಮೊದಲು ಈ ಮಳೆ ಹೇಗೆ ಕಟ್ಟುತ್ತೆ ಅಂತ ತಿಳ್ಕೊಂಡರೆ ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ತಾನೇ ಸಿಗುತ್ತೆ.

ಏಪ್ರಿಲ್–ಮೇ ತಿಂಗಳಲ್ಲಿ ಅರಬ್ಬಿ ಸಮುದ್ರದ ತೇವದ ಗಾಳಿ ಮಧ್ಯಾಹ್ನದ ಹೊತ್ತಿಗೆ ಘಟ್ಟ ಹತ್ತಿ ಈ ಕಡೆ ಬರುತ್ತೆ. ಬಯಲುಸೀಮೆ ಕಡೆಯಿಂದ ಒಣಗಾಳಿ ಬರುತ್ತೆ. ಎರಡೂ ಸೇರೋ ಗೆರೆ ಮಹಾರಾಷ್ಟ್ರದ ಒಳನಾಡಿನಿಂದ ಕರ್ನಾಟಕದ ಮೇಲೆ ಹಾದು ದಕ್ಷಿಣಕ್ಕೆ ಹೋಗಿರುತ್ತೆ. ಹವಾಮಾನ ವರದಿಯಲ್ಲಿ ‘ಟ್ರಫ್’ ಅಂತ ದಿನಾ ಕೇಳೋದು ಇದನ್ನೇ. ನೆಲ 35 ಡಿಗ್ರಿ ಹತ್ತಿರ ಕಾದಾಗ ಅಲ್ಲಿ ಗಾಳಿ ಮೇಲೇಳುತ್ತೆ, ಗುಡ್ಡದ ಇಳಿಜಾರು ಅದಕ್ಕೆ ಇನ್ನೊಂದು ತಳ್ಳು ಕೊಡುತ್ತೆ. ಮೋಡವಾಗದ ಗಾಳಿ ಒಂದು ಕಿ.ಮೀ. ಏರಿದರೆ ಸುಮಾರು 10 ಡಿಗ್ರಿ ತಣ್ಣಗಾಗುತ್ತೆ. ಮೋಡ ಕಟ್ಟಿದ ಮೇಲೆ ಆವಿ ನೀರಾಗುವಾಗ ಶಾಖ ಬಿಡೋದರಿಂದ ತಣ್ಣಗಾಗೋದು ನಿಧಾನ. ಸುತ್ತಲಿನ ಗಾಳಿಗಿಂತ ಬೆಚ್ಚಗೇ ಇರೋದರಿಂದ ಮೋಡ ಇನ್ನೂ ಮೇಲಕ್ಕೆ ಹೋಗುತ್ತೆ. ಹೀಗೆ ಬೆಳೆದ ಮೋಡದ ನೆತ್ತಿ 12ರಿಂದ 16 ಕಿ.ಮೀ. ಎತ್ತರಕ್ಕೆ ಮುಟ್ಟುತ್ತೆ, ಅಲ್ಲಿ ಮೇಲೇಳೋಕೆ ಆಗದೆ ಚಪ್ಪಟೆಯಾಗಿ ಹರಡುತ್ತೆ.

ನಮ್ಮ ಕಡೆ ಈ ತಿಂಗಳಲ್ಲಿ ಸೊನ್ನೆ ಡಿಗ್ರಿ ಇರೋದು ಸುಮಾರು 5 ಕಿ.ಮೀ. ಎತ್ತರದಲ್ಲಿ. ಅದಕ್ಕಿಂತ ಮೇಲೆ ಮಂಜಿನ ಹರಳು ಮತ್ತು ಸಣ್ಣ ಆಲಿಕಲ್ಲು ಒಂದಕ್ಕೊಂದು ಬಡಿದಾಗ ವಿದ್ಯುತ್ ಬೇರ್ಪಡುತ್ತೆ. ಭಾರದ ಕಲ್ಲು ಋಣ ವಿದ್ಯುತ್ ಹೊತ್ತು ಮೋಡದ ನಡುವೆ ನಿಲ್ಲುತ್ತೆ, ಹಗುರ ಹರಳು ಧನ ವಿದ್ಯುತ್ ಹೊತ್ತು ನೆತ್ತಿಗೆ ಹೋಗುತ್ತೆ. ಸಿಡಿಲು ಹುಟ್ಟೋದು ಅಲ್ಲಿಂದ. ಹೊಡೆಯೋ ಹಾದಿಯಲ್ಲಿ ಗಾಳಿ ಸುಮಾರು 30,000 ಡಿಗ್ರಿಗೆ ಕಾಯುತ್ತೆ, ಅದು ಒಮ್ಮೆಲೇ ಹಿಗ್ಗೋ ಸದ್ದೇ ಗುಡುಗು.

ಈಗ ಮುಖ್ಯ ಮಾತು. ವಿದ್ಯುತ್ ಕಟ್ಟೋಕೆ ಮಳೆ ನೆಲ ಮುಟ್ಟಲೇಬೇಕು ಅಂತಿಲ್ಲ. ಮಳೆ ಇನ್ನೂ ಮೂರು ಊರಾಚೆ ಇದ್ದಾಗಲೇ ಸಿಡಿಲು ನಿಮ್ಮ ತೋಟಕ್ಕೆ ಬೀಳಬಹುದು. ಮೋಡದ ಬುಡದಿಂದ 10–15 ಕಿ.ಮೀ. ಆಚೆ ಬಿಸಿಲಿದ್ದ ಜಾಗಕ್ಕೂ ಹೊಡೆದದ್ದಿದೆ. ಹಾಗಾಗಿ ಹಿನ್ನೀರು ಅವರು ಹೇಳಿದ್ದೇ ಸರಿ.

ಗೊಬ್ಬರಗುಂಡಿ — ಕೊಪ್ಪ

ಹೇಳೋಕೆ ಸುಲಭ ಮಾರಾಯ್ರೆ. ಮೇ ತಿಂಗಳಲ್ಲಿ ದಿನಾ ಎಲ್ಲೋ ಒಂದು ಕಡೆ ಗುಡುಗುತ್ತೆ. ಪ್ರತಿ ಸಲ ಆಳು ಮನೆಗೆ ಕಳಿಸಿದರೆ ಬೇಸಾಯ ಮುಗಿಯೋದು ಯಾವಾಗ? ಮಿಂಚು ಕಂಡ ಮೇಲೆ ಎಣಿಸಿ, 30 ಸೆಕೆಂಡಿಗಿಂತ ಜಾಸ್ತಿ ಆದ್ರೆ ಕೆಲಸ ಮುಂದುವರಿಸಬಹುದು ಅಂತ ಕೃಷಿ ಮೇಳದಲ್ಲೇ ಹೇಳ್ತಾರೆ.

ಮೋಡನೋಟ — ಸಾಗರ

@ಗೊಬ್ಬರಗುಂಡಿ ಲೆಕ್ಕ ಸರಿಯೇ. ಶಬ್ದ ಒಂದು ಕಿ.ಮೀ. ಬರೋಕೆ ಸುಮಾರು 3 ಸೆಕೆಂಡು, 30 ಸೆಕೆಂಡು ಅಂದ್ರೆ 10 ಕಿ.ಮೀ. ಆದರೆ ಮಲೆನಾಡಲ್ಲಿ ಅದು ಕೈಕೊಡುತ್ತೆ, ಮೂರು ಕಾರಣಕ್ಕೆ.

ಹಗಲಲ್ಲಿ ಅಡಿಕೆ ಮರದ ಅಡಿಯಿಂದ ಮಿಂಚು ಕಾಣೋದೇ ಇಲ್ಲ, ಎಣಿಸೋದು ಎಲ್ಲಿಂದ? ಗುಡ್ಡಕ್ಕೆ ಬಡಿದು ಬರೋ ಪ್ರತಿಧ್ವನಿಯಲ್ಲಿ ಯಾವ ಮಿಂಚಿಗೆ ಯಾವ ಗುಡುಗು ಅನ್ನೋದು ಗೊತ್ತಾಗಲ್ಲ. ಮೂರನೇದು ಎಲ್ಲಕ್ಕಿಂತ ದೊಡ್ಡದು: ಹೊಸ ಮೋಡ ನಿಮ್ಮ ತಲೆ ಮೇಲೇ ಬೆಳೀತಾ ಇದ್ದರೆ ಅದರ ಮೊದಲ ಸಿಡಿಲಿಗೆ ಯಾವ ಎಣಿಕೆಯೂ ಮುನ್ಸೂಚನೆ ಕೊಡಲ್ಲ. ಗುಡುಗು ಕೇಳಿಸೋದೇ ಹೆಚ್ಚೆಂದರೆ 15 ಕಿ.ಮೀ. ದೂರಕ್ಕೆ. ಅಂದ್ರೆ ಕೇಳಿಸಿತು ಅಂದಾಗಲೇ ನೀವು ಸಿಡಿಲಿನ ಅಳತೆಯೊಳಗೆ ಬಂದಾಯ್ತು.

ಬೇಸಾಯ ನಿಲ್ಲಿಸಿ ಅಂತ ಯಾರೂ ಹೇಳ್ತಿಲ್ಲ, ಹೊತ್ತು ಬದಲಿಸಿ. ಈ ಮಳೆ ಬಹುಪಾಲು ಮಧ್ಯಾಹ್ನ ಎರಡರ ನಂತರ ರಾತ್ರಿಯೊಳಗೆ ಬರೋದು. ಬೆಳಗ್ಗೆ ಆರೂವರೆಗೆ ಶುರು ಮಾಡಿ ಒಂದೂವರೆಗೆ ಬಿಟ್ಟರೆ ಏಳು ತಾಸು ಸಿಗುತ್ತೆ. ಮಧ್ಯಾಹ್ನದ ಮೇಲೆ ಸೂರಿನಡಿ ಕೆಲಸ ಇಟ್ಕೊಳ್ಳಿ.

ಹಿನ್ನೀರು — ಹೊಸನಗರ

ಮತ್ತೆ ಹೊರಗೆ ಬರೋದು ಕೊನೇ ಗುಡುಗು ಕೇಳಿ 30 ನಿಮಿಷ ಆದ ಮೇಲೆ. ಮಧ್ಯೆ ಇನ್ನೊಂದು ಕೇಳಿದರೆ ಮತ್ತೆ ಮೊದಲಿಂದ 30. ಮಳೆ ನಿಂತಿತು ಅಂತ ತಕ್ಷಣ ಬಿದ್ದ ಸೋಗೆ ಎಳೆಯೋಕೆ ಹೋಗೋದು ಬೇಡ.

ಶುಂಠಿಹೊಲ — ಸೊರಬ

ಮೋಡನೋಟ ಸರ್, ಗಾಳಿ ಮಳೆಗಿಂತ ಮೊದಲೇ ಯಾಕೆ ಬರುತ್ತೆ? ಒಂದು ಮಳೆ ಹೋಗಿ ಅರ್ಧ ಗಂಟೆಗೆ ಅದೇ ಜಾಗಕ್ಕೆ ಇನ್ನೊಂದು ಬರುತ್ತಲ್ಲ, ಅದು ಯಾಕೆ?

ಮೋಡನೋಟ — ಸಾಗರ

ಎರಡಕ್ಕೂ ಕಾರಣ ಒಂದೇ. ಮೋಡದಿಂದ ಬೀಳೋ ಮಳೆಯ ಒಂದು ಪಾಲು ಕೆಳಗಿನ ಒಣಗಾಳಿಯಲ್ಲೇ ಆರಿಹೋಗುತ್ತೆ. ಆರುವಾಗ ಗಾಳಿ ತಣ್ಣಗಾಗಿ ಭಾರ ಆಗುತ್ತೆ, ಬೀಳ್ತಿರೋ ನೀರೂ ಅದನ್ನ ಕೆಳಕ್ಕೆ ಎಳೆಯುತ್ತೆ. ಆ ತಣ್ಣನೆ ಗಾಳಿ ನೆಲಕ್ಕೆ ಅಪ್ಪಳಿಸಿ ಸುತ್ತ ಹರಡುತ್ತೆ, ಮಳೆಯ ಸೆರಗಿಗಿಂತ ಮುಂದೆ ಓಡುತ್ತೆ. ಬಿಸಿಲಿನ ಮಧ್ಯೆ ಇದ್ದಕ್ಕಿದ್ದ ಹಾಗೆ ತಂಪು ಗಾಳಿ, ಹಸಿ ಮಣ್ಣಿನ ವಾಸನೆ, ತರಗೆಲೆ ಒಂದೇ ದಿಕ್ಕಿಗೆ ಓಡೋದು ಕಂಡರೆ ನಿಮ್ಮ ಹತ್ತಿರ ಇರೋದು ಕೆಲವೇ ನಿಮಿಷ. ಆಗ ಚಪ್ಪರದ ಅಡಿಕೆಗೆ ತಾಡಪಾಲು ಹೊದಿಸೋಕೆ ಓಡಬೇಡಿ.

ಅದೇ ತಣ್ಣನೆ ಗಾಳಿ ಮುಂದೆ ಇರೋ ಬಿಸಿಗಾಳಿಯ ಅಡಿಗೆ ನುಗ್ಗಿ ಅದನ್ನ ಎತ್ತಿದಾಗ ಹೊಸ ಮೋಡ ಕಟ್ಟುತ್ತೆ. ಒಂದು ಮೋಡದ ಆಯುಷ್ಯ ಸುಮಾರು ಒಂದು ಗಂಟೆ, ಆದರೆ ಅದರ ಮರಿಗಳು ಸಂಜೆಯವರೆಗೂ ಕಾಡ್ತವೆ. ಕಣಿವೆ ಜಾಗದಲ್ಲಿ ಈ ಗಾಳಿ ಗುಡ್ಡಕ್ಕೆ ತಡೆದು ತಿರುಗೋದರಿಂದ ಮೋಡ ಪಡುವಲಲ್ಲಿದ್ದರೂ ಗಾಳಿ ಬಡಗಲಿಂದ ಬರಬಹುದು. ದಿಕ್ಕು ನೋಡಿ ತೀರ್ಮಾನ ಮಾಡೋದು ಬೇಡ.

ತಂತಿಕಂಬ — ಭದ್ರಾವತಿ

ಎಲ್ಲರೂ ಮರದಡಿ ನಿಲ್ಲಬೇಡಿ ಅಂತೀರಿ, ಕೈಯಲ್ಲಿರೋ ದೋಟಿ (ಅಡಿಕೆ ಕೊಯ್ಯೋ ಉದ್ದ ಗಳ) ಬಗ್ಗೆ ಯಾರೂ ಹೇಳ್ತಿಲ್ಲ. ಈಗ ಬರ್ತಿರೋ ಕಾರ್ಬನ್ ಫೈಬರ್ ದೋಟಿ ಹಗುರ, ಉದ್ದ 60 ಅಡಿ ತನಕ. ಅದು ಪ್ಲಾಸ್ಟಿಕ್ ಅಲ್ಲ, ಕಾರ್ಬನ್ ವಿದ್ಯುತ್ ಹರಿಸುತ್ತೆ. ಅಲ್ಯೂಮಿನಿಯಂ ದೋಟಿ, ಕಾಳುಮೆಣಸು ಬಿಡಿಸೋ ಅಲ್ಯೂಮಿನಿಯಂ ಏಣಿ ಎಲ್ಲ ಒಂದೇ ಜಾತಿ. 11 ಕೆ.ವಿ. ಲೈನ್‌ಗೆ ತಾಗಬೇಕು ಅಂತಲೂ ಇಲ್ಲ, ತೀರಾ ಹತ್ತಿರ ಹೋದರೆ ಸಾಕು. ಗುಡುಗು ಕೇಳಿದ ಕೂಡಲೇ ದೋಟಿ ಮಡಚಿ ನೆಲದ ಮೇಲೆ ಮಲಗಿಸಿ, ಮರಕ್ಕೆ ಒರಗಿಸಬೇಡಿ. ಅಕ್ಟೋಬರ್‌ನಲ್ಲಿ ಚಿತ್ತಾ, ಸ್ವಾತಿ ಮಳೆಗೂ ಇದೇ ಗುಡುಗು, ಅದೇ ಹೊತ್ತಿಗೆ ಅಡಿಕೆ ಕೊನೆ (ಗೊನೆ) ಕೊಯ್ಲು ಶುರು. ಮರ ಹತ್ತಿದ ಕೊನೆಗೌಡರು ಇಳಿಯೋಕೆ ಹೊತ್ತು ಬೇಕು, ಅವರಿಗೆ ಎಲ್ಲರಿಗಿಂತ ಮೊದಲು ಕೂಗಿ.

ತಂತಿ ಹರಿದು ಬಿದ್ದಿದ್ದರೆ: ಹತ್ತು ಮೀಟರ್ ಒಳಗೆ ಹೋಗಬೇಡಿ. ಕರೆಂಟ್ ಹೋಗಿದೆ ಅಂತ ನಂಬಬೇಡಿ. ಮೆಸ್ಕಾಂ ಸ್ಟೇಷನ್‌ನಿಂದ ಮತ್ತೆ ಚಾರ್ಜ್ ಮಾಡಬಹುದು, ಯಾರದೋ ಮನೆಯ ಜನರೇಟರ್ ತಪ್ಪಾಗಿ ಜೋಡಿಸಿದ್ದರೆ ಅಲ್ಲಿಂದಲೂ ವಾಪಸ್ ಬರಬಹುದು. ಈಗಾಗಲೇ ಹತ್ತಿರ ಹೋಗಿಬಿಟ್ಟಿದ್ದರೆ ಎರಡೂ ಪಾದ ಕೂಡಿಸಿ, ನೆಲದಿಂದ ಎತ್ತದೆ ಇಂಚಿಂಚೇ ಉಜ್ಜಿಕೊಂಡು ಹಿಂದಕ್ಕೆ ಬನ್ನಿ. ದೊಡ್ಡ ಹೆಜ್ಜೆ ಇಟ್ಟರೆ ಎರಡು ಕಾಲಿನ ನಡುವೆ ವೋಲ್ಟೇಜ್ ವ್ಯತ್ಯಾಸ ಹೆಚ್ಚಾಗುತ್ತೆ. ದೂರು ಕೊಡೋದು 1912ಕ್ಕೆ. ಹತ್ತಿರದ ಕಂಬದ ನಂಬರ್ ಅಥವಾ ಟ್ರಾನ್ಸ್‌ಫಾರ್ಮರ್ ಹೆಸರು ಹೇಳಿದರೆ ಬೇಗ ಲೈನ್ ಆಫ್ ಮಾಡ್ತಾರೆ, ‘ನಮ್ಮ ತೋಟದ ಹತ್ರ’ ಅಂದ್ರೆ ಹುಡುಕೋದರಲ್ಲೇ ಹೊತ್ತು ಹೋಗುತ್ತೆ.

ಕೊಟ್ಟಿಗೆ_ಕೆಲಸ — ಹೊಸನಗರ

ಇದೇ ಎರಡು ಕಾಲಿನ ಲೆಕ್ಕ ದನಕ್ಕೆ ಇನ್ನೂ ಕೆಟ್ಟದು. ಮರಕ್ಕೆ ಸಿಡಿಲು ಬಡಿದಾಗ ವಿದ್ಯುತ್ ಬುಡದಿಂದ ನೆಲದಲ್ಲಿ ಹರಡುತ್ತೆ. ದನದ ಮುಂಗಾಲು–ಹಿಂಗಾಲಿನ ಅಂತರ ಒಂದೂವರೆ ಮೀಟರ್ ಹತ್ತಿರ. ಕರೆಂಟ್ ಒಂದು ಕಾಲಿಂದ ಹತ್ತಿ ಎದೆಯ ಮೂಲಕ ಇನ್ನೊಂದರಲ್ಲಿ ಇಳಿಯುತ್ತೆ. ಮರದಡಿ ನಿಂತ ನಾಲ್ಕೈದು ದನ ಒಟ್ಟಿಗೆ ಸಾಯೋದು ಇದಕ್ಕೇ, ಎಲ್ಲಕ್ಕೂ ನೇರ ಸಿಡಿಲು ಬಡಿದಿರಲ್ಲ.

ಮೇಯೋಕೆ ಬಿಟ್ಟಿದ್ದನ್ನ ಮಧ್ಯಾಹ್ನ ಎರಡು ಗಂಟೆಯೊಳಗೆ ಹೊಡ್ಕೊಂಡು ಬನ್ನಿ. ಬ್ಯಾಣದಲ್ಲಿ (ಹುಲ್ಲುಗಾವಲಲ್ಲಿ) ಒಂಟಿ ಮರಕ್ಕೆ ಕಟ್ಟಬೇಡಿ. ಕೊಟ್ಟಿಗೆಯಲ್ಲಿ ಕಬ್ಬಿಣದ ಸರಪಳಿ ಹಾಕಿ ಎಲ್ಲವನ್ನೂ ಒಂದೇ ಕಬ್ಬಿಣದ ಪೈಪಿಗೆ ಕಟ್ಟೋ ಪದ್ಧತಿ ಬಿಟ್ಟು ಹಗ್ಗ ಬಳಸಿ. ಶೀಟು, ಕಬ್ಬಿಣದ ಕಂಬ, ಪೈಪು ಮೂರನ್ನೂ ತಂತಿಯಿಂದ ಒಂದಕ್ಕೊಂದು ಜೋಡಿಸಿ ಒಂದೇ ಅರ್ಥಿಂಗ್‌ಗೆ ಕೊಡಿ. ತೋಟದ ಸುತ್ತಲಿನ ತಂತಿಬೇಲಿ ಕೊಟ್ಟಿಗೆಯ ಕಂಬಕ್ಕೇ ಬಂದು ಸೇರಿರುತ್ತೆ ಎಷ್ಟೋ ಕಡೆ. ಅದನ್ನ ಬಿಡಿಸಿ. ಅರ್ಧ ಮೈಲಿ ಆಚೆ ಬೇಲಿಗೆ ಬಡಿದದ್ದು ತಂತಿ ಹಿಡಿದು ಕೊಟ್ಟಿಗೆಗೇ ಬರುತ್ತೆ.

ಶುಂಠಿಹೊಲ — ಸೊರಬ

ಗಂಬೂಟು ಹಾಕಿದ್ರೆ ಏನೂ ಆಗಲ್ಲ ಅಂತಾರಲ್ಲ?

ತಂತಿಕಂಬ — ಭದ್ರಾವತಿ

ಕಿಲೋಮೀಟರ್‌ಗಟ್ಟಲೆ ಗಾಳಿ ಸೀಳಿಕೊಂಡು ಬಂದ ಸಿಡಿಲಿಗೆ ಒಂದಿಂಚು ರಬ್ಬರ್ ಅಡ್ಡ ಆಗಲ್ಲ. ಕಾರಿನೊಳಗೆ ಉಳಿಯೋದೂ ಟೈರಿನಿಂದಲ್ಲ, ಸುತ್ತಲಿನ ಲೋಹದ ಮೈಯಿಂದ. ಕಿಟಕಿ ಏರಿಸಿ, ಲೋಹದ ಭಾಗ ಮುಟ್ಟದೆ ಕೂತರೆ ಕಾರು, ಬಸ್ಸು ಚೆನ್ನಾದ ಆಸರೆ. ಬೈಕು, ಆಟೋ, ಬಟ್ಟೆ ಹೊದಿಕೆಯ ಜೀಪು, ಕ್ಯಾಬಿನ್ ಇಲ್ಲದ ಟ್ರ್ಯಾಕ್ಟರ್ ಯಾವುದೂ ಅಲ್ಲ.

ಚಾರಣ_ದಾರಿ — ಶಿವಮೊಗ್ಗ

ಪೇಟೆಯಿಂದ ಬರೋರಿಗೂ ಒಂದು ಮಾತು. ಕೊಡಚಾದ್ರಿ 1,343 ಮೀಟರ್, ಸುತ್ತಲಿನ ಎಲ್ಲಕ್ಕಿಂತ ಎತ್ತರ. ಮೇ ತಿಂಗಳಲ್ಲಿ ಮಧ್ಯಾಹ್ನ ಹನ್ನೆರಡರೊಳಗೆ ನೆತ್ತಿಯಿಂದ ಇಳಿದಿರಬೇಕು. ಗುಡುಗಿದಾಗ ಸರ್ವಜ್ಞ ಪೀಠದ ಕಲ್ಲುಮಂಟಪದೊಳಗೆ ಹತ್ತಾರು ಜನ ಒತ್ತಿ ನಿಲ್ಲೋದು ನೋಡ್ತೀವಿ. ಮಳೆಗೆ ಆಸರೆ ಆಗಬಹುದು, ಸಿಡಿಲಿಗೆ ಅಲ್ಲ. ಕುಂದಾದ್ರಿಯ ಬಂಡೆಯೂ ಹಾಗೇ. ನೆತ್ತಿ ಬಿಟ್ಟು ಕೆಳಗಿಳಿದು, ಒಂಟಿ ದೊಡ್ಡ ಮರ ತಪ್ಪಿಸಿ, ಸುತ್ತಲಿಗಿಂತ ಗಿಡ್ಡ ಮರಗಳ ಗುಂಪಿನಲ್ಲಿ, ಒಬ್ಬರಿಂದೊಬ್ಬರು ಹತ್ತಾರು ಮೀಟರ್ ದೂರ ಇರಿ. ಒಬ್ಬರಿಗೆ ಬಡಿದರೂ ಉಳಿದವರು ಕೈ ಹಚ್ಚೋಕೆ ಇರ್ತಾರೆ.

ಕುಶಾವತಿ_ತೋಟ — ತೀರ್ಥಹಳ್ಳಿ

ತುಂಬಾ ಉಪಕಾರ ಎಲ್ಲರಿಗೂ. ಶೀಟು ಮತ್ತು ಅರೆಸ್ಟರ್ ವಿಷಯ ಇನ್ನೂ ಬಾಕಿ.

ಮಾಡು_ಕೆಲಸ — ಶಿಕಾರಿಪುರ

ಶೀಟಿನದು ನಾನು ಹೇಳ್ತೀನಿ. ಗಾಳಿಯ ಒತ್ತಡ ವೇಗದ ವರ್ಗದ ಹಾಗೆ ಏರುತ್ತೆ. ಗಂಟೆಗೆ 50 ಕಿ.ಮೀ. ಗಾಳಿಗೆ ಒಂದು ಚದರ ಮೀಟರ್ ಮೇಲೆ ಸುಮಾರು 12 ಕೆ.ಜಿ. ಒತ್ತಡ, 100 ಕಿ.ಮೀ.ಗೆ 47 ಕೆ.ಜಿ. ಅರ್ಧ ಮಿ.ಮೀ. ದಪ್ಪದ ಶೀಟಿನ ತೂಕ ಚದರ ಮೀಟರ್‌ಗೆ ನಾಲ್ಕೂವರೆ ಕೆ.ಜಿ. ಇಲ್ಲಿ ಶೀಟು ನಿಲ್ಲೋದು ತೂಕದಿಂದಲ್ಲ, ಹಿಡಿತದಿಂದ. ಅದೂ ಅಂಚು, ಮೂಲೆ, ನೆತ್ತಿಯಲ್ಲಿ ಮೇಲಕ್ಕೆ ಎಳೆಯೋ ಬಲ ನಡುವಿಗಿಂತ ಎರಡು ಪಾಲು ತನಕ ಹೋಗುತ್ತೆ. ಏಳೋದು ಯಾವಾಗಲೂ ಮೂಲೆಯಿಂದಲೇ.

20 ಅಡಿಗೆ 15 ಅಡಿಯ ಕೊಟ್ಟಿಗೆ ತಗೊಳ್ಳಿ, 28 ಚದರ ಮೀಟರ್ ಮಾಡು. 100 ಕಿ.ಮೀ. ಗಾಳಿ ಅಡಿಯಿಂದ ನುಗ್ಗಿದರೆ ಮೇಲಕ್ಕೆ ಎತ್ತೋ ಬಲ ಒಟ್ಟು 1,300 ಕೆ.ಜಿ. ಹತ್ತಿರ. ಆರು ಕಂಬ ಇದ್ದರೆ ಕಂಬಕ್ಕೆ 220 ಕೆ.ಜಿ. ಬರೀ ಮಣ್ಣಲ್ಲಿ ಹೂತ ಕಂಬ ಮೊದಲ ಮಳೆಗೆ ಮಣ್ಣು ಮೆತ್ತಗಾದಾಗ ಕಿತ್ತು ಬರುತ್ತೆ. ಒಂದೂವರೆ ಅಡಿ ಉದ್ದ, ಒಂದೂವರೆ ಅಡಿ ಅಗಲ, ಎರಡಡಿ ಆಳದ ಗುಂಡಿಗೆ ಕಾಂಕ್ರೀಟ್ ತುಂಬಿದರೆ 300 ಕೆ.ಜಿ. ಆಗುತ್ತೆ. ಕಂಬದ ಬುಡಕ್ಕೆ ಅಡ್ಡ ಸರಳು ವೆಲ್ಡ್ ಮಾಡಿ ಅದರಲ್ಲಿ ಕೂರಿಸಿ.

ಆಮೇಲೆ ಸ್ಕ್ರೂ. ಅಂಚಿನ ಸಾಲಿನಲ್ಲಿ ಶೀಟಿನ ಪ್ರತಿ ಉಬ್ಬಿಗೂ ಒಂದು, ನಡುವಿನ ಸಾಲುಗಳಲ್ಲಿ ಒಂದು ಬಿಟ್ಟು ಒಂದು. ರಬ್ಬರ್ ವಾಷರ್ ಬಿಸಿಲಿಗೆ ಒಡೆದಿದ್ದರೆ ಬದಲಿಸಿ, ಅಲ್ಲಿಂದ ನೀರಿಳಿದು ಸ್ಕ್ರೂ ತುಕ್ಕು ಹಿಡಿದು ಕುತ್ತಿಗೆಯಲ್ಲೇ ಮುರಿಯುತ್ತೆ. ಅಡ್ಡಪಟ್ಟಿ ನಾಲ್ಕಡಿಗಿಂತ ದೂರ ಬೇಡ, ಅಂಚಿನಲ್ಲಿ ಮೂರಡಿ. ಚಾಚು ಒಂದೂವರೆ ಅಡಿ ಮೀರಿದರೆ ಗಾಳಿ ಹಿಡಿಯೋ ಕೈ ಕೊಟ್ಟ ಹಾಗೆ. ಶೀಟಿನ ಮೇಲೆ ಜಂಬಿಟ್ಟಿಗೆ ಕಲ್ಲು, ಹಳೇ ಟೈರು ಇಡೋದನ್ನ ದಯವಿಟ್ಟು ಬಿಡಿ. ಮಾಡು ಎದ್ದಾಗ ಅವೇ ಜನರ ಮೇಲೆ ಬೀಳೋದು.

ಹಂಚಿನಮನೆ — ತೀರ್ಥಹಳ್ಳಿ

ಹಂಚಿನ ಮನೆಗೆ ಇಷ್ಟೆಲ್ಲ ಬೇಡ ಅಲ್ವಾ? ಮಂಗಳೂರು ಹಂಚು ತೂಕವೇ ಸಾಕಷ್ಟಿರುತ್ತೆ.

ಮಾಡು_ಕೆಲಸ — ಶಿಕಾರಿಪುರ

ನಡುವಿನ ಹಂಚಿಗೆ ಹೌದು, ಚದರ ಮೀಟರ್‌ಗೆ ಮೂವತ್ತು ಕೆ.ಜಿ. ಮೇಲೇ ಬರುತ್ತೆ. ಅಂಚಿನಲ್ಲಿ ಎಳೆತ ದುಪ್ಪಟ್ಟು ಅಂದೆನಲ್ಲ, ಅಲ್ಲಿ ಸಾಲದು. ಸೂರಿನ ಕೆಳಗಿನ ಮೂರು ಸಾಲು ಮತ್ತು ಎರಡೂ ಬದಿಯ ಸಾಲಿನ ಹಂಚನ್ನ ಜಿಐ (ಸತು ಲೇಪಿಸಿದ ಕಬ್ಬಿಣದ) ತಂತಿಯಿಂದ ರೀಪಿಗೆ ಕಟ್ಟಿಸಿ. ಹಂಚಿನ ಅಡಿಯಲ್ಲಿ ಅದಕ್ಕೇ ತೂತಿನ ಕಿವಿ ಕೊಟ್ಟಿರ್ತಾರೆ. ನೆತ್ತಿಯ ಹಂಚಿಗೆ ಗಾರೆ ಬಿಟ್ಟಿದ್ದರೆ ಏಪ್ರಿಲ್ ಒಳಗೇ ಮಾಡಿಸಿ. ಗೆದ್ದಲು ತಿಂದ ರೀಪು ಇದ್ದರೆ ಎಷ್ಟು ಕಟ್ಟಿದರೂ ವ್ಯರ್ಥ, ಚಾಕು ಚುಚ್ಚಿ ನೋಡಿ. ಗಾಳಿ ಬಂದಾಗ ಗಾಳಿ ಹೊಡೆಯೋ ಬದಿಯ ಕಿಟಕಿ ಬಾಗಿಲು ಭದ್ರ ಮಾಡಿ. ಒಳಗೆ ನುಗ್ಗಿದ ಗಾಳಿ ಕೆಳಗಿಂದ ಒತ್ತಿ, ಮೇಲಿನ ಗಾಳಿ ಎಳೆದು, ಎರಡೂ ಸೇರಿದಾಗಲೇ ಮಾಡು ಹೋಗೋದು.

ಅರ್ಥಿಂಗ್ — ಶಿವಮೊಗ್ಗ

ಅರೆಸ್ಟರ್ ವಿಷಯಕ್ಕೆ ಬರ್ತೀನಿ. “ಒಂದು ಹಾಕಿದರೆ ಸುತ್ತ 100 ಮೀಟರ್ ರಕ್ಷಣೆ” ಅನ್ನೋದನ್ನ ಅಂತಾರಾಷ್ಟ್ರೀಯ ಮಾನದಂಡ ಐಇಸಿ 62305 ಒಪ್ಪಲ್ಲ. ಆ ಮಾನದಂಡದಲ್ಲಿ ರಕ್ಷಣೆಯ ಜಾಗ ಲೆಕ್ಕ ಹಾಕೋದು ಕಡ್ಡಿಯ ಎತ್ತರ ಮತ್ತು ಜಾಗದಿಂದ ಮಾತ್ರ, ಒಳಗೆ ಏನು ಸರ್ಕ್ಯೂಟ್ ಇದೆ ಅನ್ನೋದರಿಂದಲ್ಲ. ಮನೆ ಮಟ್ಟಕ್ಕೆ ಸುರಕ್ಷಿತ ಅಂದಾಜು: ಕಡ್ಡಿಯ ತುದಿ ಎಷ್ಟು ಎತ್ತರವೋ ಬುಡದಲ್ಲಿ ಅಷ್ಟೇ ಅಗಲ. ಹತ್ತು ಮೀಟರ್ ಎತ್ತರಕ್ಕೆ ಸುತ್ತ ಹತ್ತು ಮೀಟರ್. ಅದಕ್ಕಿಂತ ಆಚೆ ಇರೋ ತೋಟದಲ್ಲಿ ನಿಂತವರಿಗೆ ಅದರಿಂದ ಏನೂ ಇಲ್ಲ.

ಸಾದಾ ತಾಮ್ರದ ಅಥವಾ ಜಿಐ ಕಡ್ಡಿ ಸಾಕು. ದುಡ್ಡು ಹಾಕಬೇಕಾದ್ದು ಕೆಳಗೆ. ಇಳಿಪಟ್ಟಿ 25×3 ಮಿ.ಮೀ. ಜಿಐ, ಮನೆಯ ಎದುರುಬದುರು ಮೂಲೆಯಿಂದ ಎರಡು, ನೇರವಾಗಿ, ಚೂಪು ತಿರುವಿಲ್ಲದೆ. ಅರ್ಥಿಂಗ್ 10 ಓಮ್ ಒಳಗೆ ಬರಬೇಕು. ಇಲ್ಲೇ ಮಲೆನಾಡಿನ ಕಷ್ಟ. ಒಣಗಿದ ಜಂಬಿಟ್ಟಿಗೆ ನೆಲ ವಿದ್ಯುತ್ತನ್ನ ಸರಿಯಾಗಿ ಹರಿಸಲ್ಲ. ಜುಲೈನಲ್ಲಿ ಅಳೆದರೆ 6 ಓಮ್ ತೋರಿಸೋ ಗುಂಡಿ ಏಪ್ರಿಲ್‌ನಲ್ಲಿ ಅದರ ಹಲವು ಪಾಲು ತೋರಿಸಬಹುದು, ಸಿಡಿಲು ಬರೋದು ಆಗಲೇ. ಬೇಸಿಗೆಯಲ್ಲೇ ಅಳತೆ ಮಾಡಿಸಿ. ಒಂದು ಗುಂಡಿ ಸಾಲದಿದ್ದರೆ ಎರಡು ಮೂರು ಹಾಕಿ, ಒಂದರಿಂದ ಒಂದಕ್ಕೆ ಕನಿಷ್ಠ 5 ಮೀಟರ್ ಬಿಟ್ಟು, ಪಟ್ಟಿಯಿಂದ ಜೋಡಿಸಿ.

ಗೊಬ್ಬರಗುಂಡಿ — ಕೊಪ್ಪ

40 ಮಿ.ಮೀ. ಪೈಪು ಎರಡೂವರೆ ಮೀಟರ್ ಇಳಿಸಿ ಉಪ್ಪು–ಇದ್ದಿಲು ಪದರ ಹಾಕಿದರೆ ಮುಗೀತಲ್ಲ, ಎಲ್ಲರೂ ಅದನ್ನೇ ಮಾಡೋದು.

ಅರ್ಥಿಂಗ್ — ಶಿವಮೊಗ್ಗ

ಬಯಲುಸೀಮೆಗೆ ಅದು ನಡೆಯುತ್ತೆ. ಇಲ್ಲಿ ಒಂದು ಮಳೆಗಾಲಕ್ಕೆ ಉಪ್ಪು ಕರಗಿ ಹೋಗುತ್ತೆ, ಹೋಗೋ ಮೊದಲು ಪೈಪನ್ನೂ ತಿನ್ನುತ್ತೆ. ಉಪ್ಪಿನ ಬದಲು ಬೆಂಟೊನೈಟ್ ಮಣ್ಣು ಕಲಸಿ ತುಂಬಿ, ನೀರು ಹಿಡಿದಿಟ್ಟುಕೊಳ್ಳುತ್ತೆ, ಲೋಹ ಸವೆಯಲ್ಲ. ತಾಮ್ರ ಲೇಪಿಸಿದ 3 ಮೀಟರ್ ರಾಡ್ ಆದರೆ 250 ಮೈಕ್ರಾನ್ ಲೇಪನದ್ದೇ ಕೇಳಿ, ಅಗ್ಗದ್ದರಲ್ಲಿ ಬಣ್ಣ ಮಾತ್ರ ಇರುತ್ತೆ.

ಇನ್ನೊಂದು ದೊಡ್ಡ ತಪ್ಪು: ಅರೆಸ್ಟರ್ ಅರ್ಥಿಂಗ್ ಬೇರೆ, ಮನೆ ಅರ್ಥಿಂಗ್ ಬೇರೆ ಅಂತ ಬಿಡೋದು. ಸಾಮಾನ್ಯ ಸಿಡಿಲಿನ ಕರೆಂಟ್ 30,000 ಆಂಪಿಯರ್. ಅರ್ಥಿಂಗ್ 10 ಓಮ್ ಚೆನ್ನಾಗೇ ಇದೆ ಅಂದ್ಕೊಂಡರೂ ಆ ಕ್ಷಣ ಅದರ ವೋಲ್ಟೇಜ್ 3 ಲಕ್ಷಕ್ಕೆ ಏರುತ್ತೆ. ಪಕ್ಕದಲ್ಲಿರೋ ಮನೆ ಅರ್ಥಿಂಗ್ ಸೊನ್ನೆಯಲ್ಲೇ ಇರುತ್ತೆ, ಆಗ ಗೋಡೆ ಸೀಳಿಕೊಂಡು ಕಿಡಿ ಹಾರುತ್ತೆ. ನೆಲದಲ್ಲಿ ಎರಡನ್ನೂ ಜೋಡಿಸಲೇಬೇಕು.

ಮೀಟರ್ ಬೋರ್ಡಿಗೆ, ತಂತಿಯಲ್ಲಿ ಬರೋ ಸಿಡಿಲಿನ ಹೊಡೆತ ತಡೆಯೋ ಎಸ್‌ಪಿಡಿ ಹಾಕಿಸಿ. ಎಂಸಿಬಿ, ಇಎಲ್‌ಸಿಬಿ ಸಿಡಿಲಿನ ಹೊಡೆತ ತಡೆಯಲ್ಲ, ಅವುಗಳ ಕೆಲಸವೇ ಬೇರೆ. ಲೈನ್ ಮೇಲೆ ಬರೋ ಹೊಡೆತಕ್ಕೆ ಟೈಪ್ 2, 40 ಕಿಲೋಆಂಪಿಯರ್. ಮನೆಗೆ ಅರೆಸ್ಟರ್ ಇದ್ದರೆ ಟೈಪ್ 1 ಕೂಡ ಸೇರಿರಬೇಕು. ಅದರ ತಂತಿ ಎರಡೂ ಕಡೆ ಸೇರಿ ಅರ್ಧ ಮೀಟರ್ ಮೀರಬಾರದು. ಒಂದು ಮೀಟರ್ ತಂತಿಗೆ ಸುಮಾರು ಸಾವಿರ ವೋಲ್ಟ್ ಹೆಚ್ಚುವರಿ ಸೇರುತ್ತೆ, ಉದ್ದ ತಂತಿಯಲ್ಲಿ ನೇತುಹಾಕಿದ ಎಸ್‌ಪಿಡಿ ಇದ್ದೂ ಇಲ್ಲದ ಹಾಗೆ. ಅದರ ಪುಟ್ಟ ಕಿಟಕಿಯಲ್ಲಿ ಹಸಿರು ಬಣ್ಣ ಕೆಂಪಾದರೆ ಅದು ಸತ್ತಿದೆ, ಬದಲಿಸಿ. ಎಷ್ಟೇ ಹಾಕಿದರೂ ಗುಡುಗು ಶುರುವಾಗೋ ಮೊದಲು ಪಂಪಿನ ಸ್ಟಾರ್ಟರ್ ಫ್ಯೂಸು, ಟಿವಿ, ಡಿಶ್ ಕೇಬಲ್ ಎಲ್ಲ ಕಿತ್ತಿಡೋದಕ್ಕೆ ಸಮ ಇಲ್ಲ. ಶುರುವಾದ ಮೇಲೆ ಕೀಳೋಕೆ ಹೋಗಬೇಡಿ.

ಹಂಚಿನಮನೆ — ತೀರ್ಥಹಳ್ಳಿ

ಮೊಬೈಲ್ ಬಳಸಬಹುದಾ ಒಳಗೆ?

ಅರ್ಥಿಂಗ್ — ಶಿವಮೊಗ್ಗ

ಚಾರ್ಜಿಗೆ ಹಾಕಿರದಿದ್ದರೆ ಧಾರಾಳ. ಮೊಬೈಲ್ ಸಿಡಿಲು ಸೆಳೆಯಲ್ಲ. ತಾಮ್ರದ ತಂತಿಯ ಹಳೇ ಲ್ಯಾಂಡ್‌ಲೈನ್ ಮುಟ್ಟಬೇಡಿ. ಮಾಡಿನ ಮೇಲೆ ಸೋಲಾರ್ ನೀರಿನ ಟ್ಯಾಂಕ್ ಇದ್ದರೆ ಆ ಹೊತ್ತು ಸ್ನಾನ ಬೇಡ.

ದಾದಿ — ಸಾಗರ

ಎಲ್ಲರಿಗೂ ಗೊತ್ತಿರಲೇಬೇಕಾದ್ದು ಒಂದಿದೆ. ಸಿಡಿಲು ಬಡಿದವರ ಮೈಯಲ್ಲಿ ಕರೆಂಟ್ ಉಳಿದಿರಲ್ಲ, ಧೈರ್ಯವಾಗಿ ಮುಟ್ಟಿ. ಮುಟ್ಟೋಕೆ ಹೆದರಿ ಸುತ್ತ ನಿಲ್ಲೋದರಿಂದ ಉಳಿಯಬಹುದಾದ ಜೀವ ಹೋಗುತ್ತೆ. ಹೃದಯ ಒಮ್ಮೆ ನಿಂತು ಮತ್ತೆ ತಾನೇ ಶುರುವಾಗೋದುಂಟು, ಆದರೆ ಉಸಿರು ಅಷ್ಟು ಬೇಗ ಮರಳಲ್ಲ. ಉಸಿರಿಲ್ಲದೆ ಹೃದಯ ಎರಡನೇ ಸಲ ನಿಲ್ಲುತ್ತೆ.

ಹಾಗಾಗಿ ಹಲವರಿಗೆ ಬಡಿದಿದ್ದರೆ ನರಳ್ತಿರೋರ ಹತ್ತಿರ ಮೊದಲು ಹೋಗಬೇಡಿ. ಅಲ್ಲಾಡದೆ, ಉಸಿರಿಲ್ಲದೆ ಬಿದ್ದವರ ಹತ್ತಿರ ಹೋಗಿ. ಒಬ್ಬರು 108ಕ್ಕೆ ಫೋನ್ ಮಾಡಲಿ. ಗಟ್ಟಿ ನೆಲದಲ್ಲಿ ಅಂಗಾತ ಮಲಗಿಸಿ, ಎದೆಯ ನಡು ಮೂಳೆಯ ಕೆಳ ಅರ್ಧದ ಮೇಲೆ ಅಂಗೈ ಊರಿ, ಮೊಣಕೈ ಮಡಚದೆ 5ರಿಂದ 6 ಸೆಂ.ಮೀ. ಆಳಕ್ಕೆ, ನಿಮಿಷಕ್ಕೆ 100–120 ಸಲ ಒತ್ತಿ. 30 ಸಲ ಒತ್ತಿ 2 ಸಲ ಬಾಯಿಗೆ ಉಸಿರು ಕೊಡಿ. ಉಸಿರು ಕೊಡೋದು ಗೊತ್ತಿಲ್ಲದಿದ್ದರೆ ಒತ್ತೋದನ್ನಾದರೂ ನಿಲ್ಲಿಸಬೇಡಿ. ಎರಡು ನಿಮಿಷಕ್ಕೊಮ್ಮೆ ಜನ ಬದಲಾಗಿ, ದಣಿದ ಕೈ ಆಳಕ್ಕೆ ಒತ್ತಲ್ಲ. ಮೋಡ ಇನ್ನೂ ಮೇಲೇ ಇದ್ದರೆ ಮೊದಲು ಮರದ ಬುಡದಿಂದ ಆಚೆ ಎಳೆದುಕೊಳ್ಳಿ.

ಎದ್ದು ಕೂತು ‘ಏನೂ ಆಗಿಲ್ಲ’ ಅಂದವರನ್ನೂ ಆಸ್ಪತ್ರೆಗೆ ಕಳಿಸಿ. ಇಸಿಜಿ ಆಗಬೇಕು, ಕಿವಿಯ ತಮಟೆ ನೋಡಬೇಕು. ಚರ್ಮದ ಮೇಲೆ ಜರಿಗಿಡದ ಎಲೆಯಂಥ ಕೆಂಪು ಗೆರೆ ಮೂಡಿದ್ದರೆ ಅದು ಒಂದೆರಡು ದಿನದಲ್ಲಿ ಹೋಗುತ್ತೆ, ಅದಕ್ಕೆ ಏನೂ ಹಚ್ಚಬೇಡಿ.

ಹಿನ್ನೀರು — ಹೊಸನಗರ

ಅಕ್ಕಾ, ಇದನ್ನ ಪ್ರತಿ ಸ್ವಸಹಾಯ ಸಂಘದಲ್ಲೂ ಓದಿ ಹೇಳಬೇಕು.

ಚಾರಣ_ದಾರಿ — ಶಿವಮೊಗ್ಗ

ವಿಷಯ ಸ್ವಲ್ಪ ಬೇರೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ. ಮೇಲೆ ಮಳೆ. ಆದರೆ ಆರಿದ್ರಾ, ಪುನರ್ವಸುವಿನಲ್ಲಿ ವಾರಗಟ್ಟಲೆ ಸುರಿದರೂ ಗುಡುಗು ಅಪರೂಪ. ಯಾಕೆ?

ಮೋಡನೋಟ — ಸಾಗರ

ಮುಂಗಾರಿನಲ್ಲಿ ಪಡುವಣ ಗಾಳಿ ಘಟ್ಟಕ್ಕೆ ತಾಗಿ ಏರಿ ಮೋಡ ಕಟ್ಟುತ್ತೆ, ಆದರೆ ಬಹುಪಾಲು ಮೋಡ ಆ ಸೊನ್ನೆ ಡಿಗ್ರಿಯ ಮಟ್ಟದ ಆಸುಪಾಸಿನಲ್ಲೇ ನಿಂತುಬಿಡುತ್ತೆ. ಬಿಸಿಲಿಲ್ಲ, ನೆಲ ಕಾದಿಲ್ಲ, ಮೇಲೇಳೋ ವೇಗ ಕಮ್ಮಿ. ಮಂಜಿನ ಹರಳು–ಕಲ್ಲು ಬಡಿದಾಟ ಇಲ್ಲದೆ ವಿದ್ಯುತ್ ಹುಟ್ಟಲ್ಲ. ಮಳೆ ಜಾಸ್ತಿ ಇದ್ದಲ್ಲಿ ಸಿಡಿಲು ಜಾಸ್ತಿ ಅನ್ನೋ ಲೆಕ್ಕವೇ ತಪ್ಪು. ಜುಲೈ ಮಳೆಗೆ ಹೊಂದಿಕೊಂಡ ಮಲೆನಾಡಿನವರು ಏಪ್ರಿಲ್ ಮಳೆಯನ್ನ ಹಗುರವಾಗಿ ತಗೊಳ್ಳೋದೂ ಇದೇ ಕಾರಣಕ್ಕೆ. ಜುಲೈಯಲ್ಲಿ ಹೆದರಬೇಕಾದ್ದು ಹಳ್ಳ, ಕಾಲುಸಂಕ (ಹಳ್ಳ ದಾಟೋ ಸಣ್ಣ ಸೇತುವೆ) ಮತ್ತು ಧರೆ ಕುಸಿತಕ್ಕೆ.

ಕೊಟ್ಟಿಗೆ_ಕೆಲಸ — ಹೊಸನಗರ

ಕಾಲುಸಂಕದ ಮಾತು ಬಂತಲ್ಲ. ಓಡೋ ನೀರು ಪಾದ ಮುಳುಗಿ ಒಂದು ಗೇಣು ಇದ್ದರೂ ದೊಡ್ಡವರ ಕಾಲು ತಪ್ಪಿಸುತ್ತೆ, ಎರಡಡಿ ನೀರು ಕಾರನ್ನೇ ಎತ್ತುತ್ತೆ. ಗುಡ್ಡದ ಮೇಲೆ ಸುರಿದದ್ದು ಅರ್ಧ ಗಂಟೆ ಬಿಟ್ಟು ಕೆಳಗೆ ಬರುತ್ತೆ. ಶಾಲೆಯಿಂದ ಬರೋ ಮಕ್ಕಳಿಗೆ ಇದು ಗೊತ್ತಿರಲ್ಲ.

ಶುಂಠಿಹೊಲ — ಸೊರಬ

ಚಂಡಮಾರುತ ಬಂದಾಗಲೂ ಇದೇ ಮೋಡವಾ? 2021ರ ಮೇ ತಿಂಗಳ ತೌಕ್ತೆಯಲ್ಲಿ ನಮ್ಮ ಕಡೆಯೂ ಮಳೆ ಇತ್ತು.

ಮೋಡನೋಟ — ಸಾಗರ

ಮೋಡದ ಜಾತಿ ಒಂದೇ, ವ್ಯವಸ್ಥೆ ಬೇರೆ. ಗುಡುಗು ಮೋಡ ಹತ್ತಿಪ್ಪತ್ತು ಕಿ.ಮೀ. ಅಗಲ, ಗಂಟೆಯಲ್ಲಿ ಮುಗಿಯುತ್ತೆ. ಚಂಡಮಾರುತ ನೂರಾರು ಕಿ.ಮೀ. ಅಗಲ, ದಿನಗಟ್ಟಲೆ ಬಾಳುತ್ತೆ. ಸಮುದ್ರದ ಮೇಲ್ಮೈ 26.5 ಡಿಗ್ರಿ ಮೇಲೆ ಕಾದಿರಬೇಕು, ಭೂಮಿ ತಿರುಗೋದರಿಂದ ಅದಕ್ಕೆ ಸುತ್ತು ಸಿಗಬೇಕು. ಗಾಳಿ ಗಂಟೆಗೆ 62 ಕಿ.ಮೀ. ಮುಟ್ಟಿದಾಗ ಹೆಸರಿಡ್ತಾರೆ. ತೌಕ್ತೆ ನಮ್ಮ ಕರಾವಳಿಗೆ ಸಮಾನಾಂತರವಾಗಿ ಬಡಗಕ್ಕೆ ಹೋಗಿ ಮೇ 17ರಂದು ಗುಜರಾತಿನಲ್ಲಿ ನೆಲ ಹತ್ತಿತು. ಅಂಥದ್ದಕ್ಕೆ ಎರಡು ಮೂರು ದಿನ ಮೊದಲೇ ಸುದ್ದಿ ಸಿಗುತ್ತೆ. ಗುಡುಗು ಮಳೆಗೆ ಸಿಗೋದು ಗಂಟೆಗಳ ಸುದ್ದಿ ಮಾತ್ರ.

ಅದನ್ನ ಓದೋ ಕ್ರಮ ಹೀಗಿದೆ. ಬೆಳಗಿನ ಜಿಲ್ಲಾ ಸೂಚನೆ ಆ ದಿನದ ಸಾಧ್ಯತೆ ಅಷ್ಟೇ ಹೇಳುತ್ತೆ, ಹಳದಿ ಇದ್ದರೆ ಎಚ್ಚರ, ಕಿತ್ತಳೆ ಇದ್ದರೆ ಮಧ್ಯಾಹ್ನದ ಕೆಲಸ ಬೇಡ. ಮಧ್ಯಾಹ್ನದ ಮೇಲೆ ಮುಂದಿನ ಮೂರು ತಾಸಿನ ತಕ್ಷಣದ ಮುನ್ಸೂಚನೆ ನೋಡಿ. ಗಾಳಿ 62 ಕಿ.ಮೀ. ಮೀರೋದಾದರೆ ಇಲಾಖೆ ಅದನ್ನ ತೀವ್ರ ಅಂತ ಹೇಳುತ್ತೆ. ಪುಣೆಯ ಹವಾಮಾನ ಸಂಶೋಧನಾ ಸಂಸ್ಥೆಯ ದಾಮಿನಿ ಆ್ಯಪ್ ನಿಮ್ಮ ಸುತ್ತ 20 ಮತ್ತು 40 ಕಿ.ಮೀ. ಒಳಗೆ ಬಿದ್ದ ಸಿಡಿಲು ತೋರಿಸುತ್ತೆ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ‘ಸಿಡಿಲು’ ಆ್ಯಪ್ ಕೂಡ ಇದೆ.

ಗೊಬ್ಬರಗುಂಡಿ — ಕೊಪ್ಪ

ತೋಟದಲ್ಲಿ ನೆಟ್‌ವರ್ಕ್ ಇದ್ರೆ ತಾನೇ?

ತಂತಿಕಂಬ — ಭದ್ರಾವತಿ

ನೆಟ್‌ವರ್ಕ್ ಇಲ್ಲದ ಕಡೆ ಹಳೇ ಮೀಡಿಯಂ ವೇವ್ ರೇಡಿಯೋ ಇಟ್ಕೊಳ್ಳಿ. ಯಾವ ಸ್ಟೇಷನ್ನೂ ಇಲ್ಲದ ಜಾಗಕ್ಕೆ ತಿರುಗಿಸಿ ಬಿಟ್ಟರೆ ದೂರದ ಪ್ರತಿ ಸಿಡಿಲಿಗೂ ಕರಕರ ಅನ್ನುತ್ತೆ, ಕಿವಿಗೆ ಗುಡುಗು ಕೇಳೋ ಮೊದಲೇ. ಕರಕರ ದಟ್ಟ ಆಗ್ತಾ ಹೋದರೆ ಮೋಡ ಹತ್ತಿರ ಬರ್ತಿದೆ ಅಥವಾ ಬೆಳೀತಿದೆ. ಎಫ್‌ಎಂನಲ್ಲಿ ಇದು ಕೇಳಲ್ಲ.

ಗೊಬ್ಬರಗುಂಡಿ — ಕೊಪ್ಪ

ಇದು ಉಪಯೋಗದ ಮಾತು. ಸರಿ, ಹೊತ್ತು ಬದಲಿಸೋದನ್ನ ಒಪ್ಪಿದೆ. ಆದರೆ ಮೇ ಕೊನೆಗೆ ಔಷಧಿ ಹೊಡೆಯೋದನ್ನ ಏನು ಮಾಡೋದು? ಬೆಳಗ್ಗೆ ಇಬ್ಬನಿ ಆರೋಕೇ ಒಂಬತ್ತಾಗುತ್ತೆ, ಒಂದೂವರೆಗೆ ನಿಲ್ಲಿಸಿದರೆ ಕಲಸಿದ ಬೋರ್ಡೋ (ಮೈಲುತುತ್ತ–ಸುಣ್ಣದ ಔಷಧಿ) ಉಳಿಯುತ್ತೆ, ಮರುದಿನಕ್ಕೆ ಆಗಲ್ಲ.

ಹಿನ್ನೀರು — ಹೊಸನಗರ

ಒಂದೇ ಸಲಕ್ಕೆ ಇಡೀ ದಿನದ್ದು ಕಲಸಬೇಡಿ. ತುತ್ತವನ್ನ ಹಿಂದಿನ ರಾತ್ರಿಯೇ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ನೆನೆಸಿಡಿ, ಸುಣ್ಣ ಬೇರೆ ಡ್ರಮ್ಮಿನಲ್ಲಿ. ಬೇರೆ ಬೇರೆ ಇದ್ದಷ್ಟು ಹೊತ್ತು ಕೆಡಲ್ಲ, ಕೂಡಿಸಿದ ಮೇಲೆ ಅದೇ ದಿನ ಮುಗಿಸಬೇಕು. 100 ಲೀಟರಿಗೆ ತಲಾ ಒಂದು ಕೆ.ಜಿ. ಲೆಕ್ಕದಲ್ಲಿ, ತುತ್ತದ ನೀರನ್ನ ಸುಣ್ಣದ ನೀರಿಗೆ ಹಾಕಿ, ಒಂದೊಂದು ಡ್ರಮ್ಮಿನಷ್ಟೇ ಕಲಸಿ. ಚಾಕು ಅದ್ದಿ ನೋಡಿದಾಗ ತಾಮ್ರದ ಬಣ್ಣ ಹತ್ತಿದರೆ ಸುಣ್ಣ ಇನ್ನೂ ಬೇಕು. ಹೀಗೆ ಮಾಡಿದರೆ ಮಧ್ಯದಲ್ಲಿ ಗುಡುಗು ಕೇಳಿದರೂ ನಷ್ಟ ಒಂದು ಡ್ರಮ್ಮು ಮಾತ್ರ. ಹೊಡೆದ ಕೂಡಲೇ ಮಳೆ ಬಂದರೆ ಅಂಟದೆ ತೊಳೆದುಹೋಗುತ್ತೆ, ಹಾಗಾಗಿ ಮಧ್ಯಾಹ್ನದ ಮೇಲೆ ಹೊಡೆದದ್ದು ಹೇಗೂ ದಕ್ಕಲ್ಲ.

ಕುಶಾವತಿ_ತೋಟ — ತೀರ್ಥಹಳ್ಳಿ

ನಾಳೆಯಿಂದಲೇ ಆರೂವರೆಗೆ ಕೆಲಸ ಅಂತ ಆಳುಗಳಿಗೆ ಹೇಳಿದೀನಿ. @ಮಾಡು_ಕೆಲಸ ಅಣ್ಣ, ಈಗಾಗಲೇ ಮಣ್ಣಲ್ಲಿ ಹೂತಿರೋ ಕಂಬಕ್ಕೆ ಶೀಟು ಬಿಚ್ಚದೆ ಕಾಂಕ್ರೀಟ್ ಹಾಕಬಹುದಾ?

ಮಾಡು_ಕೆಲಸ — ಶಿಕಾರಿಪುರ

ಹಾಕಬಹುದು. ಒಂದು ಸಲಕ್ಕೆ ಒಂದೇ ಕಂಬ. ಪಕ್ಕದಲ್ಲಿ ಊರೆಗೋಲು ಕೊಟ್ಟು ಮಾಡಿನ ಭಾರ ಅದಕ್ಕೆ ದಾಟಿಸಿ, ಸುತ್ತ ಅಗೆದು, ಕಂಬಕ್ಕೆ ಎರಡು ಅಡ್ಡ ಸರಳು ವೆಲ್ಡ್ ಮಾಡಿ ತುಂಬಿ. ಏಳು ದಿನ ನೀರುಣಿಸಿ ಆಮೇಲೆ ಊರೆಗೋಲು ತೆಗೀರಿ, ನಂತರ ಮುಂದಿನ ಕಂಬ. ಆರು ಕಂಬಕ್ಕೆ ಒಂದೂವರೆ ತಿಂಗಳು ಹಿಡಿಯುತ್ತೆ, ಅಷ್ಟು ಹೊತ್ತು ಇಲ್ಲದಿದ್ದರೆ ಗಾಳಿ ಹೆಚ್ಚು ಹೊಡೆಯೋ ಬದಿಯ ಮೂಲೆ ಕಂಬ ಎರಡನ್ನ ಮೊದಲು ಮುಗಿಸಿ.